ಮಫ್ತಿ ಎಂಬ ಮಾತು



ಪತ್ರಿಕೆಯ ಅಪರಾಧ ಸುದ್ದಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಮಾತೊಂದಿದೆ: ಮಫ್ತಿ. ಮಫ್ತಿಯಲ್ಲಿದ್ದ ಪೊಲೀಸರು ಸರಗಳ್ಳರನ್ನು ಹಿಡಿದರು. ಜಾತ್ರೆಯ ಬಂದೋಬಸ್ತಿಗೆ ಮಫ್ತಿ ಸಿಬ್ಬಂದಿ. ಕಾಲೇಜಿನ ಗೇಟಿನ ಬಳಿ ಮಫ್ತಿಯಲ್ಲಿ ಮಹಿಳಾ ಪೊಲೀಸರು. ಈ ಪದದ ಅರ್ಥವನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2017ರಲ್ಲಿ ನರ್ತನ್ ನಿರ್ದೇಶಿಸಿ, ಶಿವರಾಜ್‌ಕುಮಾರ್ ಮತ್ತು ಶ್ರೀಮುರಳಿ ಅಭಿನಯಿಸಿದ ಸಿನಿಮಾಕ್ಕೆ ಇದೊಂದೇ ಪದ ಹೆಸರಾಯಿತು. ಆ ಎರಡಕ್ಷರ ಕಂಡೊಡನೆ ಕಥೆ ಎಂಥದೆಂದು ಪ್ರೇಕ್ಷಕರಿಗೆ ಹೊಳೆದುಬಿಟ್ಟಿತು: ಖಾಕಿ ಕಳಚಿಟ್ಟು ಕೆಲಸಕ್ಕೆ ಇಳಿದ ಪೊಲೀಸನ ಕಥೆ.

ಇಷ್ಟು ಸಲೀಸಾಗಿ ನಾಲಗೆಯ ಮೇಲೆ ಆಡುವ ಈ ಮಾತು ಮೂಲದಲ್ಲಿ ಬಟ್ಟೆಯ ಹೆಸರೇ ಅಲ್ಲ. ಅದೊಬ್ಬ ಮನುಷ್ಯನ ಹೆಸರು. ಇನ್ನೂ ಸರಿಯಾಗಿ ಹೇಳುವುದಾದರೆ, ಒಂದು ಗೌರವದ ಹುದ್ದೆಯ ಹೆಸರು. ಧರ್ಮಶಾಸ್ತ್ರ ಬಲ್ಲ ವಿದ್ವಾಂಸನ ಹೆಸರು ಬಟ್ಟೆಗೆ ಅಂಟಿಕೊಂಡದ್ದು ಹೇಗೆ, ಅದು ಕನ್ನಡಕ್ಕೆ ಯಾವ ಬಾಗಿಲಿನಿಂದ ಬಂತು ಎಂಬುದನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮೊದಲು ಅರ್ಥದ ಮಾತು. ಮಫ್ತಿ ಎಂದರೆ ಸಾದಾ ಬಟ್ಟೆ ಎಂದು ಹೇಳಿ ಮುಗಿಸಿದರೆ ಸಾಲದು. ಪಂಚೆ ಉಟ್ಟು ಗದ್ದೆಗೆ ಹೋಗುವ ರೈತನನ್ನು ನಾವು ಮಫ್ತಿಯಲ್ಲಿದ್ದಾನೆ ಎನ್ನುವುದಿಲ್ಲ. ಅಂಗಡಿಯ ಗಲ್ಲಾದ ಮೇಲೆ ಕುಳಿತ ಶೆಟ್ಟರನ್ನೂ ಹಾಗೆ ಕರೆಯುವುದಿಲ್ಲ. ಸಮವಸ್ತ್ರ ಇರುವವನು, ಅದನ್ನು ತೊಡಬೇಕಾದವನು, ಈಗ ತೊಟ್ಟಿಲ್ಲ ಎಂದಾಗ ಮಾತ್ರ ಮಫ್ತಿ. ಅದೇ ಪಂಚೆ, ಅದೇ ಅಂಗಿ. ರೈತನ ಮೈಮೇಲಿದ್ದರೆ ಬಟ್ಟೆ, ಇನ್‌ಸ್ಪೆಕ್ಟರ ಮೈಮೇಲಿದ್ದರೆ ಮಫ್ತಿ. ಮೈಮೇಲಿರುವುದನ್ನು ಹೇಳುವ ಪದ ಇದಲ್ಲ, ಇಲ್ಲದಿರುವುದನ್ನು ಹೇಳುವ ಪದ. ಬಟ್ಟೆಯ ಹೆಸರುಗಳಲ್ಲಿ ಇಂಥದು ಇನ್ನೊಂದು ನನಗೆ ತೋಚುವುದಿಲ್ಲ. ಸೀರೆ, ಪಂಚೆ, ಕುಪ್ಪಸ, ಲಂಗ, ಕುಲಾವಿ ಎಲ್ಲವೂ ಕಣ್ಣಿಗೆ ಕಾಣುವ ಒಂದೊಂದು ವಸ್ತು. ಮಫ್ತಿಯನ್ನು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ.

ಹಾಗಾದರೆ ನಮ್ಮ ಹಳೆಯ ಮಾತಾದ ಮಾರುವೇಷವೂ ಇದೂ ಒಂದೇ ಅಲ್ಲವೇ ಎಂದು ತಾವು ಕೇಳಬಹುದು. ಅಲ್ಲ. ಮಾರುವೇಷದಲ್ಲಿ ಒಬ್ಬನು ಇನ್ನೊಬ್ಬನಾಗಬೇಕು. ವಿರಾಟನಗರಿಯಲ್ಲಿ ಭೀಮ ಬಾಣಸಿಗ ವಲಲನಾದ. ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆಯಾದ. ಹೆಸರು, ನಡೆ, ನುಡಿ, ಕಸುಬು ಎಲ್ಲವೂ ಬದಲಾದವು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಹುಗಾರರ ಪಟ್ಟಿಯೇ ಇದೆ: ವ್ಯಾಪಾರಿಯ ವೇಷದವನು ಒಬ್ಬ, ಗೃಹಸ್ಥನ ವೇಷದವನು ಇನ್ನೊಬ್ಬ, ತಪಸ್ವಿಯ ವೇಷದವನು ಮತ್ತೊಬ್ಬ, ಭಿಕ್ಷುಣಿಯರೂ ಉಂಟು. ಆ ಗ್ರಂಥದ ಹಸ್ತಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು, ಆರ್. ಶಾಮಶಾಸ್ತ್ರಿಗಳ ಶ್ರಮದಿಂದ 1909ರಲ್ಲಿ ಅಚ್ಚಾಯಿತೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಅಲ್ಲಿ ಹೇಳಿರುವುದೆಲ್ಲ ಮಾರುವೇಷವೇ. ಮಫ್ತಿಯವನು ಹಾಗೇನೂ ಮಾಡುವುದಿಲ್ಲ. ಅವನು ಯಾರ ವೇಷವನ್ನೂ ಹಾಕುವುದಿಲ್ಲ. ತನ್ನ ಗುರುತನ್ನು ಮನೆಯ ಗೂಟಕ್ಕೆ ನೇತುಹಾಕಿ ಬರುತ್ತಾನೆ, ಅಷ್ಟೆ. ಸಮವಸ್ತ್ರ ಎಂಬ ವ್ಯವಸ್ಥೆ ಗಟ್ಟಿಯಾಗಿ ಬೇರೂರಿದ ಮೇಲೆಯೇ ಇಂಥ ಪದ ಬೇಕಾಗುತ್ತದೆ. ನಮ್ಮ ಹಳೆಯ ಕನ್ನಡದಲ್ಲಿ ಇದಕ್ಕೆ ಸಮನಾದ ಮಾತು ಇಲ್ಲದಿರುವುದಕ್ಕೆ ಕಾರಣ ಅದೇ ಎಂದು ನನ್ನ ಎಣಿಕೆ.

ಈಗ ಪದದ ಹುಟ್ಟಿನ ಕಡೆಗೆ ಹೋಗೋಣ. ಅರಬ್ಬಿಯಲ್ಲಿ ಮುಫ್ತಿ ಎಂದರೆ ಇಸ್ಲಾಮಿನ ಧರ್ಮಶಾಸ್ತ್ರದ ಪ್ರಶ್ನೆಗಳಿಗೆ ಅಧಿಕೃತ ಅಭಿಪ್ರಾಯ ಕೊಡುವ ವಿದ್ವಾಂಸ. ಆತ ಕೊಡುವ ಅಭಿಪ್ರಾಯವೇ ಫತ್ವಾ. ಎರಡು ಮಾತೂ ಒಂದೇ ಧಾತುವಿನಿಂದ ಬಂದವು. ಫ, ತ ಎಂಬ ವ್ಯಂಜನಗಳು ಎರಡರಲ್ಲೂ ಕೇಳಿಸುತ್ತವೆ. ಖಾಜಿಗೂ ಮುಫ್ತಿಗೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ. ಖಾಜಿ ತೀರ್ಪು ಕೊಡುವವನು. ಅವನ ಮಾತು ಜಾರಿಯಾಗಬೇಕು. ಮುಫ್ತಿ ಶಾಸ್ತ್ರ ಏನು ಹೇಳುತ್ತದೆಂದು ತಿಳಿಸುವವನು. ಒಟ್ಟೊಮನ್ ಸಾಮ್ರಾಜ್ಯದಲ್ಲಿ ಇಸ್ತಾಂಬುಲಿನ ಮುಫ್ತಿಗೆ ಶೇಖ್ ಉಲ್ ಇಸ್ಲಾಂ ಎಂಬ ಬಿರುದಿತ್ತು. ಸುಲ್ತಾನರು ಕೂಡ ಆತನ ಮಾತಿಗೆ ಕಿವಿಗೊಡಬೇಕಾಗಿತ್ತು.

ಈಸ್ಟ್ ಇಂಡಿಯಾ ಕಂಪನಿಯವರಿಗೆ ಮುಫ್ತಿ ದೂರದೂರಿನ ವ್ಯಕ್ತಿಯಾಗಿರಲಿಲ್ಲ. ಬಂಗಾಳದ ಆಡಳಿತ ಕೈಗೆ ಬಂದಾಗ ಅಲ್ಲಿನ ಕಾನೂನು ಅವರಿಗೆ ತಿಳಿಯದು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ರೂಪಿಸಿದ ಯೋಜನೆಯಂತೆ ಫೌಜುದಾರಿ ಅದಾಲತ್ತಿನಲ್ಲಿ ಖಾಜಿ, ಮುಫ್ತಿ ಮತ್ತು ಇಬ್ಬರು ಮೌಲವಿಗಳು ಕುಳಿತು ಕಾನೂನು ವಿವರಿಸಬೇಕಾಗಿತ್ತು. ಹಿಂದೂಗಳ ಉತ್ತರಾಧಿಕಾರ, ಮದುವೆಯಂಥ ವ್ಯಾಜ್ಯಗಳಿಗೆ ಪಂಡಿತರಿದ್ದರು. ಮದ್ರಾಸ್ ಆಧಿಪತ್ಯದ ನ್ಯಾಯಾಲಯಗಳಲ್ಲೂ ಹೀಗೆಯೇ ಮುಫ್ತಿಗಳೂ ಪಂಡಿತರೂ ಸಂಬಳದ ಮೇಲೆ ಇದ್ದರು. 1864ರ ಕಾಯಿದೆ ಈ ಹುದ್ದೆಗಳನ್ನು ರದ್ದು ಮಾಡುವವರೆಗೆ, ಅಂದರೆ ಸುಮಾರು ತೊಂಬತ್ತು ವರ್ಷ, ಬಿಳಿಯ ನ್ಯಾಯಾಧೀಶನ ಪಕ್ಕದಲ್ಲಿ ನಿಲುವಂಗಿ ತೊಟ್ಟ, ತಲೆಗೆ ರುಮಾಲು ಸುತ್ತಿದ ವಿದ್ವಾಂಸ ಕುಳಿತಿರುತ್ತಿದ್ದ. ಅವನ ಉಡುಪೇ ಅವನ ವಿದ್ವತ್ತಿನ ಗುರುತು. ದೂರದಿಂದ ನೋಡಿದರೂ ಇವರು ಮುಫ್ತಿಗಳು ಎಂದು ಜನ ದಾರಿ ಬಿಡುತ್ತಿದ್ದ ಕಾಲ ಅದು.

ಈ ಗೌರವದ ಹೆಸರು ಬಟ್ಟೆಗೆ ಹೇಗೆ ಬಂತು? ಇಂಗ್ಲಿಷಿನಲ್ಲಿ ಸಮವಸ್ತ್ರವಲ್ಲದ ಉಡುಪು ಎಂಬ ಅರ್ಥದ ಬಳಕೆ 1816ರಷ್ಟು ಹಿಂದೆಯೇ ಅಚ್ಚಿನಲ್ಲಿ ಕಾಣುತ್ತದೆ. ಅದು ಸೈನ್ಯದ ಆಡುಮಾತು. ಇದಕ್ಕೆ ವಿವರಣೆ ಸಿಗುವುದು ‘ಹಾಬ್ಸನ್ ಜಾಬ್ಸನ್’ ಎಂಬ ನಿಘಂಟಿನಲ್ಲಿ. ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಓಡಾಡುತ್ತಿದ್ದ ದೇಶೀ ಮಾತುಗಳನ್ನು ಹೆಕ್ಕಿ, ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಕಟ್ಟಿದ ಕೋಶ ಅದು, 1886ರಲ್ಲಿ ಹೊರಬಂತು. ಅದರ ಹೆಸರೇ ಸಿಪಾಯಿಗಳ ಕಿವಿಯ ಕಥೆ ಹೇಳುತ್ತದೆ. ಮೊಹರಂ ಮೆರವಣಿಗೆಯಲ್ಲಿ ಎದೆ ಬಡಿದುಕೊಂಡು ಯಾ ಹಸನ್, ಯಾ ಹುಸೇನ್ ಎಂದು ಕೂಗುವುದು ಇಂಗ್ಲಿಷ್ ಸಿಪಾಯಿಗಳ ಕಿವಿಗೆ ಹಾಬ್ಸನ್ ಜಾಬ್ಸನ್ ಎಂದು ಕೇಳಿಸಿತಂತೆ.

ಬರ್ನೆಲ್ಲರ ಹೆಸರು ಬಂದಾಗ ಒಂದು ಕ್ಷಣ ನಿಲ್ಲಬೇಕು. ಅವರು ನಮಗೆ ಹೊರಗಿನವರಲ್ಲ. 1860ರಲ್ಲಿ ಮದ್ರಾಸ್ ಸಿವಿಲ್ ಸರ್ವಿಸಿಗೆ ಬಂದು, ಮಂಗಳೂರು, ತಂಜಾವೂರುಗಳಲ್ಲಿ ಅಧಿಕಾರಿಯಾಗಿದ್ದವರು. ದಕ್ಷಿಣ ಭಾರತದ ಲಿಪಿಗಳ ಚರಿತ್ರೆಯನ್ನು ಕುರಿತ ಅವರ ಗ್ರಂಥ 1874ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿ ಉಳಿಸಿದವರಲ್ಲಿ ಅವರು ಮೊದಲ ಸಾಲಿನವರು. 1882ರಲ್ಲಿ, ನಲವತ್ತೆರಡರ ವಯಸ್ಸಿಗೇ ತೀರಿಕೊಂಡರು. ಯೂಲ್ ಜೊತೆಗೂಡಿ ದುಡಿದ ಕೋಶ ಪುಸ್ತಕವಾಗುವುದನ್ನು ನೋಡಲಿಲ್ಲ. ಮಂಗಳೂರಿನಲ್ಲಿ ಬರ್ನೆಲ್ಲರನ್ನು ನೆನೆಯುವ ಒಂದು ಕಲ್ಲಾದರೂ ಇರಬೇಕು ಎಂಬುದು ನನ್ನ ಬಹುದಿನದ ಆಸೆ.

ಆ ಕೋಶ ಮಫ್ತಿಗೆ ಎರಡು ಅರ್ಥ ಕೊಡುತ್ತದೆ. ಮೊದಲನೆಯದು ಶಾಸ್ತ್ರಜ್ಞ. ಎರಡನೆಯದು ಸೈನ್ಯದ ಆಡುಮಾತಿನ ಸಾದಾ ಉಡುಪು. 1903ರಲ್ಲಿ ವಿಲಿಯಂ ಕ್ರುಕ್ ಪರಿಷ್ಕರಿಸಿದ ಆವೃತ್ತಿಯಲ್ಲಿ ಇವೆರಡನ್ನೂ ಜೋಡಿಸುವ ಊಹೆಯೊಂದಿದೆ. ಕವಾಯತು ಮುಗಿಸಿ ಬಂಗಲೆಗೆ ಮರಳಿದ ಅಧಿಕಾರಿ ಬಿಗಿಯಾದ ಕೆಂಪು ಕೋಟು, ಪಟ್ಟಿ, ಬೂಟು ಕಳಚಿ ಸಡಿಲವಾದ ಉದ್ದ ನಿಲುವಂಗಿ ತೊಡುತ್ತಿದ್ದ. ತಲೆಗೆ ಕುಚ್ಚಿನ ಟೋಪಿ, ಕಾಲಿಗೆ ಮೆತ್ತನೆಯ ಚಪ್ಪಲಿ. ಕೈಯಲ್ಲಿ ಚುಟ್ಟ. ಆ ಉಡುಪಿನಲ್ಲಿ ಅವನು ಯೂರೋಪಿನ ನಾಟಕಗಳಲ್ಲಿ ಬರುವ ತುರ್ಕಿ ಮುಫ್ತಿಯಂತೆಯೇ ಕಾಣುತ್ತಿದ್ದ. ಜೊತೆಯವರು ಅದನ್ನೇ ಹಿಡಿದು ಮಫ್ತಿಯಲ್ಲಿದ್ದಾನೆ ಎಂದರು, ಮಾತು ನಿಂತಿತು. ವಿದ್ವಾಂಸರು ಇದನ್ನು ಊಹೆ ಎಂದೇ ಕರೆದಿದ್ದಾರೆ. ಆದರೆ ಇದಕ್ಕಿಂತ ಒಪ್ಪುವ ವಿವರಣೆಯನ್ನು ಯಾರೂ ಕೊಟ್ಟಿಲ್ಲ, ನನಗೂ ಇದೇ ಸರಿಯೆನ್ನಿಸುತ್ತದೆ.

ನಾಟಕದ ಮುಫ್ತಿಯೆಂದರೆ ಯಾರು? 1670ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಶಾಂಬೋರ್ ಅರಮನೆಯಲ್ಲಿ, ಹದಿನಾಲ್ಕನೆಯ ಲೂಯಿ ದೊರೆಯ ಮುಂದೆ, ಮೊಲಿಯೇರನ ‘ಲ ಬೂರ್ಜ್ವಾ ಜಾಂತಿಯೋಮ್’ ಎಂಬ ಪ್ರಹಸನ ಪ್ರದರ್ಶನವಾಯಿತು. ಹಿಂದಿನ ವರ್ಷವಷ್ಟೇ ಒಟ್ಟೊಮನ್ ಸುಲ್ತಾನನ ದೂತ ಸುಲೇಮಾನ್ ಆಗಾ ಫ್ರಾನ್ಸಿಗೆ ಬಂದು ಹೋಗಿದ್ದ. ತುರ್ಕಿಯವರ ಉಡುಪು, ಕಾಫಿ, ರೀತಿನೀತಿ ಎಲ್ಲವೂ ಆಗ ಪ್ಯಾರಿಸ್ಸಿನ ಬಾಯಲ್ಲಿ. ನಾಟಕದ ಜೂರ್ದಾಂ ದುಡ್ಡಿದ್ದ ಬಟ್ಟೆ ವ್ಯಾಪಾರಿಯ ಮಗ. ಹೇಗಾದರೂ ಮಾಡಿ ಶ್ರೀಮಂತ ಕುಲೀನನೆನ್ನಿಸಿಕೊಳ್ಳಬೇಕೆಂಬ ಹಂಬಲ. ಅವನ ಮಗಳನ್ನು ಪ್ರೀತಿಸಿದ ಹುಡುಗ ತುರ್ಕಿಯ ರಾಜಕುಮಾರನ ವೇಷದಲ್ಲಿ ಬರುತ್ತಾನೆ. ಜೂರ್ದಾಂನಿಗೆ ಪದವಿ ಕೊಡುವ ನೆವದಲ್ಲಿ ಒಂದು ದೊಡ್ಡ ಸಮಾರಂಭ ನಡೆಯುತ್ತದೆ. ಅದನ್ನು ನಡೆಸಿಕೊಡುವವನೇ ಮುಫ್ತಿ. ಉರಿಯುವ ಮೇಣದ ಬತ್ತಿಗಳನ್ನು ಸಾಲಾಗಿ ಸಿಕ್ಕಿಸಿದ ಭಾರಿ ಮುಂಡಾಸು ಅವನ ತಲೆಯ ಮೇಲೆ. ಆ ಪಾತ್ರವನ್ನು ಸ್ವತಃ ಸಂಗೀತ ಸಂಯೋಜಕ ಲುಲಿಯೇ ಆಡಿದ. ಅಲ್ಲಿಂದಾಚೆಗೆ ಯೂರೋಪಿನ ರಂಗಭೂಮಿಯಲ್ಲಿ ಮುಫ್ತಿಯೆಂದರೆ ನಿಲುವಂಗಿ, ಮುಂಡಾಸು, ಚಪ್ಪಲಿಯ ಒಂದು ಚಿತ್ರ. ನಿಜವಾದ ಮುಫ್ತಿಗಳ ವಿದ್ವತ್ತಿಗೂ ಆ ಚಿತ್ರಕ್ಕೂ ಸಂಬಂಧವಿರಲಿಲ್ಲ. ಒಂದು ಸಮುದಾಯದ ಗೌರವದ ಹುದ್ದೆ ಇನ್ನೊಂದು ಸಮುದಾಯದ ನಗೆಗೆ ವಸ್ತುವಾಯಿತು ಎಂಬುದನ್ನು ನಾವು ಮರೆಯಬಾರದು.

ಸಡಿಲ ನಿಲುವಂಗಿಯನ್ನು ಇಂಗ್ಲಿಷರು ಏಷ್ಯಾದ ನಾಡುಗಳಿಂದ ಕಲಿತರು. ಅದಕ್ಕೆ ಅವರು ಇಟ್ಟ ಹೆಸರು ಬನಿಯನ್. ಇಂದು ನಾವು ಅಂಗಿಯ ಒಳಗೆ ತೊಡುವ ಬನೀನು ಇದೇ ಪದ. ಹದಿನೇಳು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬನಿಯನ್ ಎಂದರೆ ಮನೆಯಲ್ಲಿ, ಓದುವ ಕೋಣೆಯಲ್ಲಿ ತೊಡುವ ಉದ್ದ ಅಂಗಿ. ದಿನಚರಿ ಬರೆದು ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ 1666ರಲ್ಲಿ ತನ್ನ ಚಿತ್ರ ಬರೆಸಿಕೊಳ್ಳಲು ಇಂಥ ಇಂಡಿಯನ್ ನಿಲುವಂಗಿಯೊಂದನ್ನು ಬಾಡಿಗೆಗೆ ತಂದು ತೊಟ್ಟು ಕುಳಿತ. ಆ ಚಿತ್ರ ಇಂದಿಗೂ ಲಂಡನ್ನಿನಲ್ಲಿದೆ. ಬನಿಯನ್ ಎಂಬ ಹೆಸರು ಗುಜರಾತಿ ವರ್ತಕರಾದ ವಾಣಿಯರಿಂದ ಬಂತು; ವಾಣಿಯ ಎಂಬುದರ ಬೇರು ಸಂಸ್ಕೃತದ ವಣಿಜ್. ನಮ್ಮ ಬಣಜಿಗ ಎಂಬ ಮಾತಿಗೂ ಬೇರು ಅದೇ. ಐಹೊಳೆಯ ಐನೂರ್ವರು ತಮ್ಮ ಶಾಸನಗಳಲ್ಲಿ ಬಣಂಜು ಧರ್ಮದ ಪಾಲಕರೆಂದು ಎದೆ ತಟ್ಟಿ ಹೇಳಿಕೊಂಡರಲ್ಲ, ಆ ಬಣಂಜೂ ಇದೇ ಕುಲದ್ದು. ವರ್ತಕರು ಆಲದ ಮರದ ನೆರಳಲ್ಲಿ ಸೇರುತ್ತಿದ್ದುದರಿಂದ ಆಲಕ್ಕೂ ಇಂಗ್ಲಿಷಿನಲ್ಲಿ ಬನಿಯನ್ ಮರವೆಂದೇ ಹೆಸರಾಯಿತು. ಪೈಜಾಮದ ಕಥೆಯೂ ಇದಕ್ಕೆ ಹತ್ತಿರ. ಪಾರಸಿಯಲ್ಲಿ ಪಾಯ್ ಎಂದರೆ ಕಾಲು, ಜಾಮಾ ಎಂದರೆ ಉಡುಪು. ಇಲ್ಲಿನ ಜನ ಹಗಲು ಹೊತ್ತಿನಲ್ಲಿ ತೊಡುತ್ತಿದ್ದುದನ್ನು ಇಂಗ್ಲಿಷರು ಮನೆಯ ಬಿಡುವಿಗೂ ಇರುಳ ನಿದ್ದೆಗೂ ಇಟ್ಟುಕೊಂಡರು. ಈ ಸೆಖೆಯ ನಾಡಿನಲ್ಲಿ ಉಣ್ಣೆಯ ಕೋಟಿನೊಳಗೆ ಬೆಂದ ಮೈಗೆ ಸಂಜೆಯ ಹೊತ್ತು ಇಂಥ ಉಡುಪು ಎಷ್ಟು ಹಿತವಾಗಿತ್ತೋ! ಮಫ್ತಿ ಎಂಬ ಮಾತು ಆ ಹಿತದಲ್ಲಿ ಹುಟ್ಟಿತು. ಅದರಲ್ಲಿ ಆಗ ಗುಟ್ಟೂ ಇರಲಿಲ್ಲ, ಹೊಂಚೂ ಇರಲಿಲ್ಲ. ಬಿಡುವು ಮಾತ್ರ ಇತ್ತು.

ಕನ್ನಡಕ್ಕೆ ಈ ಮಾತು ಬಂದ ದಾರಿ ಯಾವುದು? ನನಗೆ ಬಹಳ ಪ್ರಿಯವಾದ ಭಾಗ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅರಬ್ಬಿ, ಪಾರಸಿ ಮಾತುಗಳು ಕನ್ನಡದಲ್ಲಿ ಸಾವಿರಾರಿವೆ. ಬಿಜಾಪುರದ ಆದಿಲ್‌ಶಾಹಿ, ಮರಾಠರ ಆಳ್ವಿಕೆ, ಹೈದರ್ ಮತ್ತು ಟಿಪ್ಪುವಿನ ಕಾಲ, ಹೈದರಾಬಾದಿನ ನಿಜಾಮರ ಸೀಮೆ, ಹೀಗೆ ಬೇರೆ ಬೇರೆ ಕಾಲಗಳಲ್ಲಿ ಅವು ಬಂದು ನೆಲೆಸಿವೆ. ಆದ್ದರಿಂದ ಮಫ್ತಿಯೂ ಉರ್ದುವಿನಿಂದ ನೇರವಾಗಿ ಬಂದಿರಬೇಕು ಎಂದು ಅನ್ನಿಸುವುದು ಸಹಜ. ಆದರೆ ಮೊದಲ ಅಕ್ಷರವನ್ನು ಗಮನಿಸಿ. ಮುನಷಿ, ಮುನಸೀಫ, ಮುಚ್ಚಳಿಕೆ, ಮುದ್ದತು, ಮುಜರಾಯಿ, ಮುಲಾಜು, ಮುಸಾಫಿರ: ನೇರವಾಗಿ ಬಂದ ಇಂಥ ಮಾತುಗಳು ಮೊದಲ ಉಕಾರವನ್ನು ಭದ್ರವಾಗಿ ಉಳಿಸಿಕೊಂಡಿವೆ. ಮಚ್ಚಳಿಕೆ ಎಂದವರಿಲ್ಲ, ಮಜರಾಯಿ ಎಂದವರಿಲ್ಲ. ಮಫ್ತಿಯಲ್ಲಿ ಮಾತ್ರ ಉಕಾರ ಹೋಗಿ ಅಕಾರ ಬಂದಿದೆ. ಇಂಗ್ಲಿಷಿನಲ್ಲಿ ಯು ಅಕ್ಷರ ಬರೆದು ಅಕಾರದಂತೆ ಉಚ್ಚರಿಸುವ ಮಾತುಗಳು ಕನ್ನಡಕ್ಕೆ ಬಂದಾಗ ಹೀಗೆಯೇ ಆಗುತ್ತದೆ: ಬಸ್ಸು, ಬ್ರಷ್ಷು, ಕಪ್ಪು, ಮಫ್ಲರು. ಮಫ್ಲರಿನಲ್ಲಿ ನಡೆದದ್ದೇ ಮಫ್ತಿಯಲ್ಲೂ ನಡೆದಿದೆ. ಅಂದರೆ ಅರಬ್ಬಿಯ ಮಾತನ್ನು ಇಂಗ್ಲಿಷರು ತೆಗೆದುಕೊಂಡು, ತಮ್ಮ ನಾಲಗೆಗೆ ಹೊಂದಿಸಿಕೊಂಡು, ಬಟ್ಟೆಯ ಅರ್ಥ ಕೊಟ್ಟರು. ಆ ಉಚ್ಚಾರಣೆಯೊಂದಿಗೆ, ಆ ಅರ್ಥದೊಂದಿಗೆ ಅದು ಕನ್ನಡಕ್ಕೆ ಬಂತು. ನೆರೆಯ ಭಾಷೆಗಳೂ ಸಾಕ್ಷಿ ಹೇಳುತ್ತವೆ. ಮಲಯಾಳದಲ್ಲಿ ಮಫ್ತಿ, ತೆಲುಗಿನಲ್ಲಿ ಮಫ್ಟಿ, ತಮಿಳಿನಲ್ಲೂ ಮಕಾರದಿಂದಲೇ ಆರಂಭ. ದಕ್ಷಿಣದ ನಾಲ್ಕು ಭಾಷೆಗಳಿಗೂ ಬಾಗಿಲು ಒಂದೇ: ಇಂಗ್ಲಿಷ್ ಸೈನ್ಯ ಮತ್ತು ಪೊಲೀಸು.

ಇದರಿಂದ ಕನ್ನಡಕ್ಕೆ ಒಂದು ಲಾಭವಾಗಿದೆ. ಇಂಗ್ಲಿಷಿನಲ್ಲಿ ಧರ್ಮಶಾಸ್ತ್ರಜ್ಞನಿಗೂ ಸಾದಾ ಬಟ್ಟೆಗೂ ಒಂದೇ ಕಾಗುಣಿತ. ಕನ್ನಡದಲ್ಲಿ ಹಾಗಿಲ್ಲ. ವಿದ್ವಾಂಸರು ಮುಫ್ತಿ, ಬಟ್ಟೆ ಮಫ್ತಿ. ಒಂದು ಸ್ವರ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿದೆ. ಕೆಲವೊಮ್ಮೆ ಅವಸರದ ಬರವಣಿಗೆಯಲ್ಲಿ ‘ಮುಫ್ತಿಯಲ್ಲಿದ್ದ ಪೊಲೀಸರು’ ಎಂದು ಕಾಣಿಸಿಕೊಳ್ಳುವುದುಂಟು. ಬರೆಯುವವರು ದಯವಿಟ್ಟು ಈ ಭೇದವನ್ನು ಕಾಪಾಡಬೇಕು. ಪೂಜ್ಯವೆಂದು ಒಂದು ಸಮುದಾಯ ಭಾವಿಸುವ ಪದವಿಯ ಹೆಸರನ್ನು ಕಳ್ಳರ ಬೇಟೆಯ ಸುದ್ದಿಯಲ್ಲಿ ಬೆರೆಸುವುದು ಬೇಡ. ಭಾಷೆಯೇ ಬೇರೆ ದಾರಿ ಮಾಡಿಕೊಟ್ಟಿರುವಾಗ ಅದರಲ್ಲಿ ನಡೆಯೋಣ.

ಇನ್ನೊಂದು ಗೊಂದಲವನ್ನೂ ಇಲ್ಲೇ ಪರಿಹರಿಸುತ್ತೇನೆ. ಉತ್ತರ ಕರ್ನಾಟಕದಲ್ಲಿ ಪುಕ್ಕಟೆಗೆ ಮುಫತ್ತು ಎನ್ನುತ್ತಾರೆ. ಮಫ್ತಿಗೂ ಇದಕ್ಕೂ ನಂಟು ಕಟ್ಟಿ, ಖರ್ಚಿಲ್ಲದ ಬಟ್ಟೆ ಎಂದು ಅರ್ಥ ಹೇಳುವವರನ್ನು ಕೇಳಿದ್ದೇನೆ. ಮುಫತ್ತು ಪಾರಸಿಯ ಮುಫ್ತ್ ಎಂಬ ಮಾತಿನಿಂದ ಬಂದದ್ದು. ಅರಬ್ಬಿಯ ಮುಫ್ತಿಗೂ ಅದಕ್ಕೂ ಕೊಳ್ಕೊಡುಗೆಯಿಲ್ಲ.

ಮಫ್ತಿಯ ಎದುರು ಪದ ನಮ್ಮಲ್ಲಿ ಖಾಕಿ. ಒಂದಿಲ್ಲದೆ ಇನ್ನೊಂದಿಲ್ಲ. ಖಾಕ್ ಎಂದರೆ ಪಾರಸಿಯಲ್ಲಿ ಧೂಳು, ಮಣ್ಣು. ವಾಯವ್ಯ ಗಡಿಯ ಪೇಶಾವರದಲ್ಲಿ 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ, ನೆಲದ ಬಣ್ಣದಲ್ಲಿ ಕಣ್ಣಿಗೆ ಬೀಳದಿರಲೆಂದು ಧೂಳುಬಣ್ಣದ ಬಟ್ಟೆ ತೊಟ್ಟಿತು. ಇತ್ತ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1851ರಲ್ಲಿ ನೇಯ್ಗೆಯ ಕಾರ್ಖಾನೆ ತೆರೆದರು. ಅಲ್ಲಿಗೆ ಬಂದ ಹಾಲರ್ ಎಂಬ ನೇಕಾರ ಖಾಕಿ ಬಣ್ಣವನ್ನು ಹದಮಾಡಿದನೆಂದೂ, ಆ ಬಟ್ಟೆ ಮೊದಲು ಕೆನರಾ ಪೊಲೀಸರ ಮೈಮೇಲೆ ಬಂತೆಂದೂ ಮಿಷನ್ನಿನ ಚರಿತ್ರೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಕರಾವಳಿಯವರು ಅದನ್ನು ಅಭಿಮಾನದಿಂದ ನೆನೆಯುತ್ತಾರೆ. ಬರ್ನೆಲ್ಲರ ಲಿಪಿಗ್ರಂಥವನ್ನೂ, 1894ರಲ್ಲಿ ಕಿಟೆಲ್ಲರ ಕನ್ನಡ ನಿಘಂಟನ್ನೂ ಹೊರತಂದದ್ದು ಇದೇ ಮಿಷನ್. ಧೂಳಿನಲ್ಲಿ ಮರೆಯಾಗಲು ಹುಟ್ಟಿದ ಬಣ್ಣ ಕಾಲಕ್ರಮದಲ್ಲಿ ಇಡೀ ಊರಿಗೆ ಎದ್ದು ಕಾಣುವ ಅಧಿಕಾರದ ಬಣ್ಣವಾಯಿತು. ಆಮೇಲೆ ಮರೆಯಾಗಲು ಅದನ್ನೇ ಕಳಚಬೇಕಾಯಿತು.

ಸೈನ್ಯದಲ್ಲಿ ಮಫ್ತಿಗೆ ಇಂದಿಗೂ ಹಳೆಯ ಅರ್ಥವೇ. ಆದರೆ ಅದು ಮನಸ್ಸಿಗೆ ಬಂದಂತೆ ಉಡುವ ಬಟ್ಟೆಯಲ್ಲ. ಅಧಿಕಾರಿಗಳ ಮೆಸ್ಸಿಗೆ ಮಫ್ತಿಯಲ್ಲಿ ಬರಬೇಕೆಂದರೆ ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿ, ಟೈ, ಹೊಳಪಿನ ಬೂಟು. ಕೊಡಗಿನ ಮನೆಗಳಲ್ಲಿ ನಿವೃತ್ತ ಸೈನಿಕರನ್ನು ಕೇಳಿದರೆ ಈ ಕಟ್ಟಳೆಯನ್ನು ಚೆನ್ನಾಗಿ ವಿವರಿಸುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಂತೂ ಉಡುಪಿನ ಶಿಸ್ತಿಗೆ ಮನೆಮಾತಾದವರು. ಇಂಗ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಶಾಲೆಗಳಲ್ಲಿ ಮಫ್ತಿ ದಿನ ಎಂಬುದೊಂದಿದೆ. ಅಂದು ಮಕ್ಕಳು ಯೂನಿಫಾರ್ಮ್ ಬಿಟ್ಟು ಇಷ್ಟದ ಬಟ್ಟೆಯಲ್ಲಿ ಬರುತ್ತಾರೆ. ಅದಕ್ಕೆ ಪ್ರತಿಯಾಗಿ ಒಂದಿಷ್ಟು ಚಿಲ್ಲರೆ ಕಾಸು ತಂದು ಧರ್ಮಕಾರ್ಯಕ್ಕೆ ಕೊಡುತ್ತಾರೆ. ನಮ್ಮ ಶಾಲೆಗಳ ಮಕ್ಕಳು ಇದನ್ನು ಕಲರ್ ಡ್ರೆಸ್ ಎನ್ನುತ್ತಾರೆ. ಹುಟ್ಟುಹಬ್ಬದ ದಿನ ಕಲರ್ ಡ್ರೆಸ್ಸಿನಲ್ಲಿ ಬಂದ ಮಗುವಿನ ಮುಖದ ಹಿಗ್ಗನ್ನು ನೋಡಬೇಕು. ಮಫ್ತಿಯ ಹಳೆಯ ಹಿತ ಅಲ್ಲಿ ಉಳಿದಿದೆ.

ಕನ್ನಡದಲ್ಲಿ ಮಾತ್ರ ಮಫ್ತಿ ಪೂರ್ತಿಯಾಗಿ ಪೊಲೀಸರ ಸೊತ್ತಾಗಿದೆ. ರಜೆಯಲ್ಲಿ ಮನೆಗೆ ಬಂದ ಸೈನಿಕ ಮಫ್ತಿಯಲ್ಲಿದ್ದಾನೆ ಎಂದು ನಾವು ಹೇಳುವುದು ಕಡಿಮೆ. ನಮಗೆ ಮಫ್ತಿ ಬಿಡುವಿನ ಉಡುಪಲ್ಲ, ಕರ್ತವ್ಯದ ಉಡುಪು. ಪೊಲೀಸು ಮಫ್ತಿಯಲ್ಲಿದ್ದಾನೆ ಎಂದರೆ ಕೆಲಸದಲ್ಲಿದ್ದಾನೆ ಎಂದೇ ಅರ್ಥ. ಸಂಜೆಯ ವಿಶ್ರಾಂತಿಗೆ ಹುಟ್ಟಿದ ಪದ ಹಗಲಿರುಳಿನ ಗಸ್ತಿಗೆ ಬಂದು ನಿಂತಿತು.

ಸಾದಾ ಬಟ್ಟೆಯ ಪೊಲೀಸರನ್ನು ಕಂಡರೆ ಜನಕ್ಕೆ ಅಳುಕು ಇದ್ದದ್ದು ಇಲ್ಲಿ ಮಾತ್ರವಲ್ಲ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಹೊಸ ಪೊಲೀಸು ಕಟ್ಟಿದಾಗ ನೀಲಿ ಸಮವಸ್ತ್ರ ಕೊಟ್ಟದ್ದೇ ಜನರಿಗೆ ಕಾಣಲಿ, ನಂಬಿಕೆ ಬರಲಿ ಎಂದು. ನಾಲ್ಕು ವರ್ಷಗಳಲ್ಲೇ ಪೋಪೇ ಎಂಬ ಸಾರ್ಜೆಂಟನ ಪ್ರಕರಣ ಬಯಲಾಯಿತು. ಆತ ಚಿತ್ರಕಾರನೆಂದು ಹೇಳಿಕೊಂಡು, ಸಾದಾ ಬಟ್ಟೆಯಲ್ಲಿ, ಕಾರ್ಮಿಕರ ರಾಜಕೀಯ ಸಂಘವೊಂದರಲ್ಲಿ ಸದಸ್ಯನಾಗಿ ಸೇರಿಕೊಂಡು ಒಳಗಿನ ಮಾತುಗಳನ್ನು ಮೇಲಿನವರಿಗೆ ಮುಟ್ಟಿಸುತ್ತಿದ್ದ. 1833ರಲ್ಲಿ ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಿ ಅದನ್ನು ಖಂಡಿಸಿತು; ಅವನ ಕೆಲಸವೂ ಹೋಯಿತು. ಅಲ್ಲಿ ಪತ್ತೇದಾರಿ ವಿಭಾಗ ತೆರೆಯಲು 1842ರವರೆಗೆ ಕಾಯಬೇಕಾಯಿತು. ತೆರೆದಾಗಲೂ ಎಂಟೇ ಜನ. ಆ ಸಮಿತಿಯ ಮುಂದಿದ್ದ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಕಳ್ಳನನ್ನು ಹಿಡಿಯಲು ಗುರುತು ಮರೆಸುವುದು ಬೇರೆ, ತಪ್ಪು ಮಾಡದ ನಾಗರಿಕರ ನಡುವೆ ಗುರುತು ಮರೆಸಿ ಕೂರುವುದು ಬೇರೆ. ಮೊದಲನೆಯದನ್ನು ನಾನು ಮನಸಾರೆ ಒಪ್ಪುತ್ತೇನೆ. ದಸರೆಯ ಜನಜಂಗುಳಿಯಲ್ಲಿ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಜೇಬುಗಳ್ಳರ ಮೇಲೆ ಕಣ್ಣಿಟ್ಟು ನಿಲ್ಲುವ ಮಫ್ತಿ ಸಿಬ್ಬಂದಿಯ ಕೆಲಸ ಸುಲಭದ್ದಲ್ಲ. ಹೆಣ್ಣುಮಕ್ಕಳನ್ನು ಪೀಡಿಸುವವರನ್ನು ಹಿಡಿಯಲು ಬಿಸಿಲಲ್ಲಿ ನಿಂತ ಮಹಿಳಾ ಪೊಲೀಸರಿಗೆ ನಮ್ಮ ಕೃತಜ್ಞತೆ ಸಲ್ಲಬೇಕು.

ಆದರೆ ಮಫ್ತಿಯಲ್ಲಿ ಒಂದು ಅಪಾಯವೂ ಉಂಟು. ಗುರುತಿಲ್ಲದ ಬಟ್ಟೆಯಲ್ಲಿ ಪೊಲೀಸರು ಇರಬಹುದಾದರೆ, ಗುರುತಿಲ್ಲದ ಬಟ್ಟೆಯ ಯಾರು ಬೇಕಾದರೂ ತಾನೇ ಪೊಲೀಸು ಎನ್ನಬಹುದು. ಮನೆಯಲ್ಲಿರುವ ಹಿರಿಯರು, ವಿಶೇಷವಾಗಿ ತಾಯಂದಿರು, ಈ ಮಾತನ್ನು ಗಮನವಿಟ್ಟು ಕೇಳಬೇಕು. ಬೆಳಗಿನ ವಾಕಿಂಗಿಗೋ ದೇವಸ್ಥಾನಕ್ಕೋ ಹೊರಟ ವಯಸ್ಸಾದ ಹೆಂಗಸರನ್ನು ಬೈಕಿನಲ್ಲಿ ಬಂದ ಇಬ್ಬರು ತಡೆಯುತ್ತಾರೆ. ‘ಅಮ್ಮಾ, ನಾವು ಮಫ್ತಿ ಪೊಲೀಸು. ಮುಂದೆ ಗಲಾಟೆಯಾಗಿದೆ. ಮೈಮೇಲೆ ಇಷ್ಟೊಂದು ಒಡವೆ ಹಾಕಿಕೊಂಡು ಹೋಗಬೇಡಿ, ಬಿಚ್ಚಿ ಕೊಡಿ, ಕಾಗದದಲ್ಲಿ ಕಟ್ಟಿಕೊಡುತ್ತೇವೆ’ ಎನ್ನುತ್ತಾರೆ. ಪೊಟ್ಟಣ ಕೈಗೆ ಬರುತ್ತದೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲುಚೂರು. ನಮ್ಮ ನಗರಗಳಲ್ಲಿ ಇಂಥ ಮೋಸ ಮತ್ತೆ ಮತ್ತೆ ನಡೆದಿದೆ. ನಿಜವಾದ ಪೊಲೀಸರು ಯಾರೂ ಒಡವೆ ಬಿಚ್ಚಿ ಕೈಗೆ ಕೊಡಿ ಎಂದು ರಸ್ತೆಯಲ್ಲಿ ಕೇಳುವುದಿಲ್ಲ. ಸರ್ಕಾರಿ ನೌಕರನೆಂದು ಸುಳ್ಳು ಹೇಳಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 204ನೆಯ ಕಲಮಿನ ಪ್ರಕಾರ ಅಪರಾಧ. ಮೋಸದ ಉದ್ದೇಶದಿಂದ ಅಂಥವರ ಉಡುಪು ತೊಡುವುದು 205ನೆಯ ಕಲಮಿನ ಪ್ರಕಾರ ಅಪರಾಧ.

ಕಾನೂನು ನಾಗರಿಕರ ಕೈಯಲ್ಲಿ ಇನ್ನೊಂದು ಬಲವನ್ನೂ ಇಟ್ಟಿದೆ. 1996ರ ಡಿಸೆಂಬರಿನಲ್ಲಿ, ಡಿ. ಕೆ. ಬಸು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಬಂಧಿಸುವ ಪೊಲೀಸರು ಹೇಗೆ ನಡೆದುಕೊಳ್ಳಬೇಕೆಂದು ನಿಯಮಗಳನ್ನು ವಿಧಿಸಿತು. ಬಂಧಿಸುವವರ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಪತ್ರ ಬರೆದು ಮನೆಯವರಿಂದಲೋ ಊರಿನ ಗೌರವಸ್ಥರಿಂದಲೋ ಸಾಕ್ಷಿ ಸಹಿ ಪಡೆಯಬೇಕು. ಇದು ಮುಂದೆ ಶಾಸನವೇ ಆಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಮಿನಲ್ಲಿ ಇದೆ. ಖಾಕಿಯಾಗಲಿ, ಮಫ್ತಿಯಾಗಲಿ, ಈ ನಿಯಮ ತಪ್ಪುವುದಿಲ್ಲ.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ಬಿನ್ನಹ. ಮಫ್ತಿಯಲ್ಲಿ ಬಂದವರು ತಾವು ಪೊಲೀಸರೆಂದರೆ ಗೌರವದಿಂದಲೇ ಗುರುತಿನ ಚೀಟಿ ಕೇಳಿ. ಕೇಳುವುದು ಉದ್ಧಟತನವಲ್ಲ, ನಿಜವಾದ ಅಧಿಕಾರಿ ಬೇಸರಪಡುವುದಿಲ್ಲ, ತೋರಿಸುತ್ತಾರೆ. ಹೆಸರು ಮತ್ತು ಠಾಣೆಯನ್ನು ಓದಿಕೊಳ್ಳಿ. ಅನುಮಾನ ಬಂದರೆ ಮೈಮೇಲಿನ ಒಡವೆಗೆ ಕೈ ಹಾಕಬೇಡಿ, ಅವರ ಜೊತೆ ಎಲ್ಲಿಗೂ ಹೊರಡಬೇಡಿ. ಹತ್ತಿರದ ಅಂಗಡಿಗೋ ಮನೆಗೋ ಹೋಗಿ ನಿಂತು 112ಕ್ಕೆ ಫೋನು ಮಾಡಿ. ಈ ಸಂಖ್ಯೆಯನ್ನು ಇವತ್ತೇ ಮನೆಯ ಹಿರಿಯರಿಗೆ ಬರೆದುಕೊಡಿ.